ಗೇರಿನ ಹಲ್ಲು ಮತ್ತು ಅದರ ಗಟ್ಟಿ ಹೊರಪದರ

ಎಂಜಿನ್ನಿನಲ್ಲಿ ಹುಟ್ಟುವ ತಿರುಗುಬಲವನ್ನು ರಸ್ತೆಯ ಏರಿಳಿತಕ್ಕೆ ತಕ್ಕಂತೆ ಹೊಂದಿಸಿ ಚಕ್ರಗಳಿಗೆ ದಾಟಿಸುವ ಕ್ಲಚ್, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ಗಳ ಸರಣಿಯನ್ನು ಒಟ್ಟಾಗಿ ಟ್ರಾನ್ಸ್‌ಮಿಷನ್ ಎನ್ನುತ್ತಾರೆ. ಸಣ್ಣ ಕಾರು ಮೊದಲ ಗೇರಿನಲ್ಲಿರುವಾಗ ಗೇರ್‌ಬಾಕ್ಸಿನೊಳಗೆ ಸುಮಾರು ಮೂರೂವರೆ ಪಟ್ಟು, ಡಿಫರೆನ್ಷಿಯಲ್‌ನಲ್ಲಿ ಮತ್ತೆ ಸುಮಾರು ನಾಲ್ಕು ಪಟ್ಟು ವೇಗ ತಗ್ಗುವುದರಿಂದ, ಎಂಜಿನ್ ಹದಿನಾಲ್ಕು ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ಸುತ್ತುತ್ತದೆ. ಹೀಗೆ ವೇಗದಲ್ಲಿ ಬಿಟ್ಟುಕೊಟ್ಟದ್ದನ್ನು ಕಾರು ಎಳೆತದ ಬಲವಾಗಿ ಪಡೆಯುತ್ತದೆ. ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿ.ಮೀ. ದೂರವನ್ನು ಬಹುಪಾಲು ಟಾಪ್ ಗೇರಿನಲ್ಲಿ ಕ್ರಮಿಸುವ ಅದೇ ಕಾರು, ಸೋಮೇಶ್ವರದಿಂದ ಆಗುಂಬೆಗೆ ಏರುವ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಮೊದಲ ಮತ್ತು ಎರಡನೆಯ ಗೇರುಗಳನ್ನೇ ನೆಚ್ಚಬೇಕಾಗುತ್ತದೆ. ಆ ಹೊತ್ತಿನಲ್ಲಿ ಇಡೀ ಕಾರಿನ ಭಾರವನ್ನು ಹೊರುವುದು ಒಂದನ್ನೊಂದು ಕಚ್ಚಿಕೊಂಡಿರುವ ಒಂದೆರಡು ಹಲ್ಲುಗಳು ಮಾತ್ರ.

ಆ ಹಲ್ಲಿನ ರಚನೆಯನ್ನು ತಿಳಿಯದೆ ಗೇರ್‌ಬಾಕ್ಸಿನ ರಿಪೇರಿಯನ್ನು ಅರಿಯಲಾಗದು, ಅದನ್ನು ತಿಳಿಯಲು ಭದ್ರಾವತಿಗಿಂತ ತಕ್ಕ ಊರೂ ಇಲ್ಲ. ಹಿಂದೆ ಬೆಂಕೀಪುರವೆಂದು ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ ತಲೆಯೆತ್ತಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯು, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಿಂದ ಕರಗಿಸುತ್ತಿತ್ತು. ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನೇ ಪಡೆದ ಅದೇ ಕಾರ್ಖಾನೆ ವಾಹನ ಮತ್ತು ರೈಲ್ವೆ ಉದ್ಯಮಗಳಿಗೆ ಬೇಕಾದ ಮಿಶ್ರಲೋಹದ ಉಕ್ಕಿಗೆ ಹೆಸರಾಯಿತು. ಗೇರಿಗೆ ಬಳಸುವ ಉಕ್ಕಿನಲ್ಲಿ ಇಂಗಾಲ ಕೇವಲ ಶೇಕಡ 0.2ರಷ್ಟಿದ್ದು, ಜೊತೆಗೆ ಒಂದಿಷ್ಟು ಮ್ಯಾಂಗನೀಸ್ ಮತ್ತು ಕ್ರೋಮಿಯಂ ಬೆರೆತಿರುತ್ತವೆ. ಇಂತಹ ಉಕ್ಕು ಬಡಿತವನ್ನು ತಾಳಿಕೊಳ್ಳುತ್ತದೆ, ಆದರೆ ಉಜ್ಜಿದರೆ ಬೇಗ ಸವೆಯುತ್ತದೆ. ಆದ್ದರಿಂದ ಹಲ್ಲು ಕಡೆದ ಮೇಲೆ ಗೇರನ್ನು ಇಂಗಾಲ ತುಂಬಿದ ಅನಿಲದ ಕುಲುಮೆಯಲ್ಲಿ 900 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲ್ಪಟ್ಟ ಶಾಖದಲ್ಲಿ ಗಂಟೆಗಟ್ಟಲೆ ಇರಿಸಿ, ಅದರ ಮೇಲ್ಮೈಗೆ ಮಾತ್ರ ಇಂಗಾಲವನ್ನು ಉಣಿಸಿ, ಬಳಿಕ ಎಣ್ಣೆಯಲ್ಲಿ ಅದ್ದಿ ತಣಿಸುತ್ತಾರೆ. ಹಿಂದಿನ ಕಾಲದಲ್ಲಿ ಇದೇ ಕೆಲಸವನ್ನು ಇದ್ದಿಲು ತುಂಬಿದ ಪೆಟ್ಟಿಗೆಯಲ್ಲಿ ಗೇರನ್ನು ಹೂತಿಟ್ಟು ಕಾಯಿಸಿ ಮಾಡುತ್ತಿದ್ದರು. ಹೀಗೆ ಸಿದ್ಧವಾಗುವ ಗಟ್ಟಿ ಹೊರಪದರದ ದಪ್ಪ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಒಂದು ಮಿಲಿಮೀಟರನ್ನು ಮೀರುವುದಿಲ್ಲ.

ಗೇರ್‌ಬಾಕ್ಸಿನ ಆಯುಷ್ಯವೆಲ್ಲ ಈ ತೆಳು ಪದರದಲ್ಲಿ ಅಡಗಿದೆ. ಮುಕ್ಕಾದ ಹಲ್ಲಿಗೆ ಬೆಸುಗೆ ಹಾಕಿ ಅರದಿಂದ ಉಜ್ಜಿ ಕೂರಿಸುವ ಅಗ್ಗದ ಉಪಾಯ ನಿಲ್ಲದಿರುವುದಕ್ಕೆ ಕಾರಣವೂ ಇದೇ: ಬೆಸುಗೆಯ ಶಾಖಕ್ಕೆ ಸುತ್ತಲಿನ ಹದ ಕೆಟ್ಟು, ಒಂದೆಡೆ ಮೆತ್ತಗಾಗಿ ಇನ್ನೊಂದೆಡೆ ಬಿರುಕುಬಿಡುವ ಹಲ್ಲು, ತಾನು ಹಾಳಾಗುವುದಲ್ಲದೆ ಜೊತೆಯ ಗೇರನ್ನೂ ಕೆಡಿಸುತ್ತದೆ. ಎರಡು ಗೇರುಗಳು ಪರಸ್ಪರ ಒಗ್ಗಿಕೊಂಡು ಸವೆದಿರುವುದರಿಂದ ಒಂದು ಹಾಳಾದರೆ ಜೋಡಿಯನ್ನೇ ಬದಲಿಸುವುದು ಸರಿಯಾದ ಕ್ರಮ.

ಈ ಪದರವನ್ನು ಕಾಯುವುದು ಎಣ್ಣೆ. ಸಣ್ಣ ಕಾರಿನ ಗೇರ್‌ಬಾಕ್ಸಿಗೆ ಹಿಡಿಯುವುದು ಸುಮಾರು ಎರಡು ಲೀಟರ್ ಮಾತ್ರ. ಎಂಜಿನ್ ಆಯಿಲ್ ಅನ್ನು ತಪ್ಪದೆ ಬದಲಿಸುವವರೂ ಇದನ್ನು ವರ್ಷಗಟ್ಟಲೆ ಮರೆಯುವುದು ವಿಷಾದದ ಸಂಗತಿ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗೇರ್‌ಬಾಕ್ಸಿನ ಪಕ್ಕದ ಬೋಲ್ಟನ್ನು ಬಿಚ್ಚಿದಾಗ ಎಣ್ಣೆ ಆ ತೂತಿನ ಕೆಳ ಅಂಚಿನವರೆಗೆ ಇರಬೇಕೆಂಬುದು ಬಹುತೇಕ ಕಾರುಗಳಿಗೆ ಅನ್ವಯಿಸುವ ಅಳತೆ. ತಳದ ಬೋಲ್ಟಿನ ಅಯಸ್ಕಾಂತಕ್ಕೆ ಬೂದುಬಣ್ಣದ ನುಣುಪಾದ ಕೆಸರು ಅಂಟಿದ್ದರೆ ಅದು ಸಹಜ ಸವಕಳಿ. ಕೈಗೆ ಚುಚ್ಚುವ ಚೂರುಗಳಿದ್ದರೆ ಹೊರಪದರ ಕಿತ್ತುಬಂದಿದೆ ಎಂದರ್ಥ, ಆಗ ಬರಿ ಎಣ್ಣೆ ಬದಲಿಸಿ ಮುಗಿಸುವಂತಿಲ್ಲ. ಎಣ್ಣೆಯ ಆಯ್ಕೆಯಲ್ಲಿ ದುಬಾರಿಯಾದದ್ದೇ ಉತ್ತಮವೆಂಬ ನಂಬಿಕೆ ತಪ್ಪು. ಜಿಎಲ್-5 ದರ್ಜೆಯಲ್ಲಿ ಹೆಚ್ಚಾಗಿರುವ ಗಂಧಕ ಮತ್ತು ರಂಜಕದ ಸಂಯುಕ್ತಗಳು ಗೇರಿನ ಉಕ್ಕನ್ನು ಕಾಪಾಡಿದರೂ, ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ಸವೆಸಬಲ್ಲವಾದ್ದರಿಂದ, ಕಂಪನಿಯ ಕೈಪಿಡಿ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಬೇಕು. ಆಟೋಮ್ಯಾಟಿಕ್ ಕಾರುಗಳ ಎಣ್ಣೆ ಸಂಪೂರ್ಣ ಬೇರೆಯದಾಗಿದ್ದು, ಒಂದರ ಬದಲು ಇನ್ನೊಂದನ್ನು ಸುರಿಯುವುದು ಇಡೀ ಪೆಟ್ಟಿಗೆಯನ್ನೇ ಕಳೆದುಕೊಳ್ಳುವ ದಾರಿ.

ಮಲೆನಾಡಿನ ಮಳೆಗಾಲ ಗೇರ್‌ಬಾಕ್ಸಿನ ಎಣ್ಣೆಗೆ ಒಂದು ವಿಶೇಷ ತೊಂದರೆಯನ್ನು ತರುತ್ತದೆ. ಓಡಿ ಕಾದ ಗೇರ್‌ಬಾಕ್ಸ್ ರಸ್ತೆಯ ಮೇಲೆ ಹರಿಯುವ ತಣ್ಣನೆಯ ನೀರಿಗೆ ಇಳಿದೊಡನೆ, ಒಳಗಿನ ಬಿಸಿಗಾಳಿ ಕುಗ್ಗಿ, ಮೇಲಿನ ಉಸಿರುರಂಧ್ರದಿಂದಲೋ ಸವೆದ ಆಯಿಲ್ ಸೀಲಿನ ಅಂಚಿನಿಂದಲೋ ನೀರನ್ನು ಒಳಗೆಳೆದುಕೊಳ್ಳುತ್ತದೆ. ನೀರು ಬೆರೆತ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಗೇರುಗಳಿಗಿಂತ ಮೊದಲು ಅದರ ಪೆಟ್ಟು ಬೀಳುವುದು ಬೇರಿಂಗುಗಳ ಮೇಲೆ. ಆಳ ನೀರು ದಾಟಿದ ಕಾರಿನ ಎಣ್ಣೆಯನ್ನು ಆ ವಾರದಲ್ಲೇ ನೋಡಿಸುವುದು ಒಳಿತು.

ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಬೇಕೆಂದಾಗ ಬೆಸೆದು ಬೇಡವೆಂದಾಗ ಬಿಡಿಸುವ ಕ್ಲಚ್‌ಗೆ ಘಾಟಿಯೇ ಕಠಿಣ ಪರೀಕ್ಷೆ. ಏರಿನಲ್ಲಿ ನಿಂತಾಗ ಹ್ಯಾಂಡ್ ಬ್ರೇಕ್ ಹಾಕದೆ ಹಾಫ್ ಕ್ಲಚ್ಚಿನಲ್ಲೇ ಕಾರನ್ನು ಹಿಡಿದಿಡುವವರ ಕ್ಲಚ್ ಪ್ಲೇಟು ಜಾರುತ್ತ ಜಾರುತ್ತ ಸುಟ್ಟ ವಾಸನೆ ಬೀರುತ್ತದೆ. ಚಾಲಕನ ಬದಲಿಗೆ ಯಂತ್ರವೇ ಕ್ಲಚ್ ಒತ್ತಿ ಗೇರು ಬದಲಿಸುವ ಎಎಂಟಿ ಕಾರುಗಳು 2014ರಿಂದ ಭಾರತದಲ್ಲಿ ಜನಪ್ರಿಯವಾಗಿದ್ದರೂ, ಅವುಗಳೊಳಗೆ ಇರುವುದು ಇದೇ ಬಗೆಯ ಕ್ಲಚ್ ಆದ್ದರಿಂದ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ನಿಲ್ಲುವುದು ಅವಕ್ಕೂ ಅಷ್ಟೇ ಹಾನಿಕರ.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಂಥ ಕಡೆ ಗೇರ್‌ಬಾಕ್ಸ್ ಇಳಿಸಲು ಹೇಳುವ ಮುನ್ನ ಕಿವಿಗೊಟ್ಟು ಕೇಳುವುದರಿಂದ ಎಷ್ಟೋ ಖರ್ಚು ಉಳಿಯುತ್ತದೆ. ಎಂಜಿನ್ ಚಾಲನೆಯಲ್ಲಿದ್ದು ಗೇರು ನ್ಯೂಟ್ರಲ್‌ನಲ್ಲಿರುವಾಗ ಬರುವ ಗರಗರ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ದೋಷವಿರುವುದು ಗೇರ್‌ಬಾಕ್ಸಿನ ಬೇರಿಂಗಿನಲ್ಲಿ. ಕ್ಲಚ್ ಒತ್ತಿದಾಗ ಮಾತ್ರ ಸದ್ದು ಹುಟ್ಟಿದರೆ ಅದು ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗಿನದು. ಎಲ್ಲ ಗೇರುಗಳೂ ಬೀಳಲು ತಕರಾರು ಮಾಡಿದರೆ ಮೊದಲು ಕ್ಲಚ್ ಕೇಬಲನ್ನೋ ಕ್ಲಚ್ ಆಯಿಲನ್ನೋ ನೋಡಬೇಕು. ಒಂದೇ ಗೇರು ಕಿರ್ರೆಂದರೆ ಅದರ ಸಿಂಕ್ರೊ ರಿಂಗನ್ನು ಸಂಶಯಿಸಬೇಕು. ಹೇಗಿದ್ದರೂ ಪೆಟ್ಟಿಗೆ ಇಳಿದ ಮೇಲೆ ಆಯಿಲ್ ಸೀಲುಗಳನ್ನು ಹೊಸದಾಗಿಸುವುದು, ಕ್ಲಚ್ ಸವೆದಿದ್ದರೆ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗುಗಳನ್ನು ಒಟ್ಟಿಗೆ ಬದಲಿಸುವುದು ವಿವೇಕ, ಏಕೆಂದರೆ ಇಲ್ಲಿ ಬಿಡಿಭಾಗದ ಬೆಲೆಗಿಂತ ಮತ್ತೊಮ್ಮೆ ಇಳಿಸುವ ಕೂಲಿಯೇ ಹೆಚ್ಚಾಗಬಹುದು. ಮರುಜೋಡಣೆಯಾದ ಕಾರನ್ನು ತಣ್ಣಗಿದ್ದಾಗ ಒಮ್ಮೆ, ಕಾದ ಮೇಲೆ ಒಮ್ಮೆ ಎಲ್ಲ ಗೇರುಗಳಲ್ಲೂ ಓಡಿಸಿ ನೋಡಿ, ರಾತ್ರಿ ಅದರ ಅಡಿಯಲ್ಲಿ ಒಂದು ಹಳೆಯ ಪತ್ರಿಕೆಯ ಹಾಳೆ ಹಾಸಿಟ್ಟರೆ, ಸೀಲು ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದು ಬೆಳಗಾಗುವಷ್ಟರಲ್ಲಿ ಕಾಗದದ ಮೇಲೆಯೇ ಗೊತ್ತಾಗುತ್ತದೆ.