ಹಾರಲಾರದ ಹಕ್ಕಿಗಳ ಸಾಕಣೆ

ಸಿಂಧನೂರಿನಿಂದ ಮಸ್ಕಿಗೆ ಹೋಗುವ ಹಾದಿಯ ಬದಿಯಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನ ಹೊಲವಿದೆ. 2011ನೆಯ ಇಸವಿಯಲ್ಲಿ ನಾವು ಅಲ್ಲಿಗೆ ಹೋದಾಗ ಆಳೆತ್ತರದ ತಂತಿಬೇಲಿಯೊಳಗೆ ಆರು ಎಮು ಹಕ್ಕಿಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ಅವುಗಳಲ್ಲೊಂದು ನಮ್ಮ ಕನ್ನಡಕದ ಮೇಲೆ ಕಣ್ಣಿಟ್ಟು ಕೊರಳು ನೀಡಲು, ನಾವು ಎರಡು ಹೆಜ್ಜೆ ಹಿಂದಕ್ಕೆ ಸರಿದೆವೆಂಬುದನ್ನು ವಾಚಕರಿಂದ ಮುಚ್ಚಿಡಬೇಕಾದುದಿಲ್ಲ. ಶಿಷ್ಯನು ನಕ್ಕು, “ಅಂಜಬ್ಯಾಡ್ರಿ ಗುರುಗಳೆ, ಹೊಳಿಯೋದು ಕಂಡ್ರ ಕುಕ್ಕತಾವ, ಅಷ್ಟ” ಎಂದನು.

ಹಾರಲಾರದ ಈ ಪಕ್ಷಿಕುಲದಲ್ಲಿ ಹಿರಿಯದು ಆಫ್ರಿಕಾ ಖಂಡದ ಉಷ್ಟ್ರಪಕ್ಷಿ. ಒಂಬತ್ತು ಅಡಿಯವರೆಗೆ ಬೆಳೆಯುವ ಇದು ನೂರು ಕಿಲೋಗ್ರಾಮಿಗೂ ಮಿಗಿಲಾಗಿ ತೂಗುವುದು. ಕಾಲಿಗೆ ಎರಡೇ ಬೆರಳು. ನಮ್ಮ ಕಡೆಯ ಹಿರಿಯರು ಉರ್ದುವಿನಲ್ಲಿ ‘ಶುತುರ್‌ಮುರ್ಗ್’ ಎನ್ನುವುದೂ ಇದನ್ನೇ. ಪಾರಸಿಯ ‘ಶುತುರ್’ ಮತ್ತು ಸಂಸ್ಕೃತದ ‘ಉಷ್ಟ್ರ’ ಒಂದೇ ಮೂಲದ ಮಾತುಗಳು. ಎರಡಕ್ಕೂ ಒಂಟೆಯೆಂದೇ ಅರ್ಥ. ಆಸ್ಟ್ರೇಲಿಯದ ಎಮು ಇದರ ತಮ್ಮನಂತಿದೆ. ಐದಾರು ಅಡಿ ಎತ್ತರ, ಮೂರು ಬೆರಳು, ಕಡುಹಸುರಾದ ಮೊಟ್ಟೆ. ಮೊಟ್ಟೆಗೆ ಕಾವು ಕೊಡುವುದು ಗಂಡುಹಕ್ಕಿಯ ಕೆಲಸ. ಸುಮಾರು ಎಂಟು ವಾರಗಳ ಕಾಲ ಅದು ಅನ್ನನೀರುಗಳನ್ನು ಬಹುಮಟ್ಟಿಗೆ ತೊರೆದು ಕುಳಿತಿರುತ್ತದೆ. ಗೃಹಿಣಿಯರು ಬೇಕಾದರೆ ಈ ವಾಕ್ಯವನ್ನು ತಮ್ಮ ಯಜಮಾನರಿಗೆ ಓದಿ ಹೇಳಬಹುದು.

ಉಷ್ಟ್ರಪಕ್ಷಿಯ ಸಾಕಣೆಯು ದಕ್ಷಿಣ ಆಫ್ರಿಕಾದಲ್ಲಿ 1860ರ ದಶಕದಲ್ಲಿ ಮೊದಲಾಯಿತು. ಆಗ ಬೇಕಾಗಿದ್ದುದು ಮಾಂಸವಲ್ಲ, ಐರೋಪ್ಯ ಸ್ತ್ರೀಯರ ಟೋಪಿಗಳಿಗೆ ಗರಿ. 1914ರಲ್ಲಿ ಮಹಾಯುದ್ಧವು ಬಂದು, ಟೋಪಿಯ ರೀತಿಯೂ ಬದಲಾಗಲು, ಗರಿಯ ಬೆಲೆ ಒಮ್ಮೆಲೇ ಕುಸಿದು ಅನೇಕ ಸಿರಿವಂತರು ದಿವಾಳಿಯಾದರು. ತೊಗಲು, ಮಾಂಸಗಳ ವ್ಯಾಪಾರವು ಬೆಳೆದುದು ಆ ಬಳಿಕ. ಮಾಂಸವು ಕೆಂಪಾಗಿದ್ದು ಕೊಬ್ಬು ಕಡಮೆಯಿರುವುದರಿಂದ ಕೋಳಿಗಿಂತ ದನದ ಮಾಂಸವನ್ನೇ ಹೋಲುತ್ತದೆಂದು ತಿಂದವರು ಹೇಳುತ್ತಾರೆ, ನಾವು ತಿಂದವರಲ್ಲ.

ನಮ್ಮ ದೇಶದಲ್ಲಿ ಹಬ್ಬಿದುದು ಎಮು. ಆಂಧ್ರ, ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಮಾಂಸ, ಎಣ್ಣೆ, ತೊಗಲು ಎಲ್ಲಕ್ಕೂ ಗಿರಾಕಿಗಳಿರುವರೆಂಬ ಸುದ್ದಿ ಹರಡಿತು. ತಮಿಳುನಾಡಿನ ಪೆರುಂದುರೈಯ ಸಂಸ್ಥೆಯೊಂದು, ಒಂದೂವರೆ ಲಕ್ಷ ರೂಪಾಯಿ ಠೇವಣಿಯಿಟ್ಟವರಿಗೆ ಆರು ಮರಿಗಳನ್ನೂ ತಿಂಗಳು ತಿಂಗಳು ಹಣವನ್ನೂ ಕೊಡುವುದಾಗಿ ಸಾರಿತು. ನಮ್ಮ ಶಿಷ್ಯನು ದೂರದೂರಿನ ಬೇರೊಬ್ಬ ವರ್ತಕನ ಮಾತು ನಂಬಿ, ತಾಯಿಯ ಬಳೆಗಳನ್ನು ಒತ್ತೆಯಿಟ್ಟು ಹಕ್ಕಿಗಳನ್ನು ತಂದಿದ್ದನು. ಮರಿಗಳನ್ನು ತಾನೇ ಮರಳಿ ಕೊಳ್ಳುವೆನೆಂದು ಆ ವರ್ತಕನು ಮಾತು ಕೊಟ್ಟಿದ್ದನಂತೆ.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಬೇಕು. ಒಂದು ಜೋಡಿಯಿಂದ ಹತ್ತು ಮರಿಗಳು ಉಳಿದರೆ ಐದು ಜೋಡಿ. ಅವು ಎರಡು ವರ್ಷಕ್ಕೆ ಪ್ರಾಯಕ್ಕೆ ಬರುತ್ತವೆ. ಒಂದೊಂದು ಜೋಡಿಯ ಒಂದೊಂದು ವರ್ಷದ ಮರಿಗಳನ್ನಷ್ಟೇ ಹಿಡಿದರೂ ಐದು ಇಪ್ಪತ್ತೈದಾಗಿ, ಇಪ್ಪತ್ತೈದು ನೂರಿಪ್ಪತ್ತೈದಾಗುವುದು. ಸಾಕುವವನು ಮರಿಗಳನ್ನು ಮತ್ತೊಬ್ಬ ಸಾಕುವವನಿಗೇ ಮಾರುತ್ತಿರುವಷ್ಟು ದಿನ ಎಲ್ಲರಿಗೂ ಲಾಭ. ಹೊಸಬನು ಬಾರದ ದಿನ ಅವುಗಳನ್ನು ಯಾರಾದರೂ ತಿನ್ನಲೇಬೇಕು. ಸಿಂಧನೂರು, ಲಿಂಗಸುಗೂರುಗಳ ಸಂತೆಯಲ್ಲಿ ಕುರಿಯ ಮಾಂಸಕ್ಕೆ ಗಿರಾಕಿಯುಂಟು, ನಾಟಿಕೋಳಿಗೆ ಉಂಟು, ಮೀನಿಗೂ ಉಂಟು. ಎಮುವನ್ನು ಕೇಳಿದವರಾರು? ಅದನ್ನು ಕ್ರಮವಾಗಿ ಕೊಯ್ದು, ತಂಪಿನಲ್ಲಿಟ್ಟು, ಪಟ್ಟಣಕ್ಕೆ ಸಾಗಿಸುವ ಏರ್ಪಾಡಾದರೂ ಎಲ್ಲಿತ್ತು? ಹಣ ಹೂಡುವ ಮುನ್ನ ಈ ಪ್ರಶ್ನೆಯನ್ನು ನಾವೂ ಅವನಿಗೆ ಕೇಳಲಿಲ್ಲವೆಂಬುದು ನಮ್ಮನ್ನು ಇಂದಿಗೂ ಕುಟುಕುತ್ತದೆ. ಬೇಲಿಯ ಬಳಿ ನಿಂತು ಅವನ ಸಾಹಸವನ್ನು ಹೊಗಳಿ ಬಂದಿದ್ದೆವು.

ದೊಡ್ಡ ಹಕ್ಕಿಯನ್ನು ಉಣ್ಣುವುದು ಈ ನೆಲಕ್ಕೆ ಹೊಸತೇನಲ್ಲ. 1915ರಲ್ಲಿ ಮಸ್ಕಿಯಲ್ಲಿ ಯಾರ ಹೆಸರುಳ್ಳ ಶಾಸನವು ದೊರೆಯಿತೋ ಆ ಅಶೋಕನು, ಬೇರೊಂದು ಶಿಲಾಶಾಸನದಲ್ಲಿ, ತನ್ನ ಅಡುಗೆಮನೆಗೆ ದಿನವೂ ಎರಡು ನವಿಲು, ಒಂದು ಜಿಂಕೆ ಮಾತ್ರ ಬರುತ್ತಿವೆಯೆಂದೂ ಮುಂದೆ ಅವನ್ನೂ ಕೊಲ್ಲುವುದಿಲ್ಲವೆಂದೂ ಬರೆಯಿಸಿದ್ದಾನೆ. ತುಂಗಭದ್ರೆಯ ಆಚೆಗಿನ ಸಿರುಗುಪ್ಪದ ಎರೆಹೊಲಗಳಲ್ಲಿ ‘ಎರೆಭೂತ’ವೆಂಬ ಹೆಬ್ಬಕ್ಕಿಯು ಈಗ ಬೆರಳೆಣಿಕೆಯಷ್ಟೇ ಉಳಿದಿದೆ. ಅದು ಹಾರಬಲ್ಲುದು, ಆದರೂ ಬೇಟೆಗಾರರಿಂದ ತಪ್ಪಿಸಿಕೊಳ್ಳಲಾರದೆ ಹೋಯಿತು.

2012ರ ಆಗಸ್ಟಿನಲ್ಲಿ ಪೆರುಂದುರೈಯ ಸಂಸ್ಥೆಯು ಬಾಗಿಲು ಮುಚ್ಚಿತು. ಹಸಿದ ಹಕ್ಕಿಗಳಿಗೆ ಅಲ್ಲಿಯ ಸರಕಾರವೇ ಮೇವು ಒದಗಿಸಬೇಕಾಯಿತು. ಸುದ್ದಿ ಹರಡಿದೊಡನೆ ಮರಿಗಳನ್ನು ಕೇಳುವವರೇ ಇಲ್ಲವಾದರು. ನಮ್ಮ ಶಿಷ್ಯನ ವರ್ತಕನೂ ಕಾಣದಾದನು. ಬೆಳೆದ ಹಕ್ಕಿಗೆ ದಿನವೊಂದಕ್ಕೆ ಕಿಲೋಗ್ರಾಮಿನ ಸಮೀಪಕ್ಕೆ ಮೇವು ಬೇಕು. ಆರು ತಿಂಗಳು ಹಾಕಿದ ಮೇಲೆ ಅವನು ಹಕ್ಕಿಗಳನ್ನು ಸಿಕ್ಕಿದ ಬೆಲೆಗೆ ಕೊಟ್ಟುಬಿಟ್ಟನು. “ಗುರುಗಳೆ, ಮರಿ ಕೊಳ್ಳಾಕ ಮಂದಿ ಇದ್ರು, ತಿನ್ನಾಕ ಮಂದಿ ಇದ್ದಿಲ್ರಿ” ಎಂದು ಅವನು ಹೇಳಿದಾಗ ಅವನ ತಾಯಿ ಒಳಗಿನಿಂದ ಕೇಳುತ್ತಿದ್ದರು, ಏನೂ ಅನ್ನಲಿಲ್ಲ. ಬಳೆಗಳನ್ನು ಬಿಡಿಸಿ ತರಲು ಎರಡು ಬೆಳೆ ಭತ್ತ ಹಿಡಿಯಿತು.

ಅದೇ ತಂತಿಬೇಲಿಯೊಳಗೆ ಈಗ ಕುರಿಗಳಿವೆ. ಕೊಯಿಲಾದ ಗದ್ದೆಯಲ್ಲಿ ಮೇಯ್ದು ಬರುವುವು, ಗೊಬ್ಬರವೂ ದೊರೆಯುವುದು, ಸಂತೆಗೆ ಹೊಡೆದರೆ ಅಂದೇ ಹಣ. ಅವನು ಕೊಟ್ಟ ಹಸುರು ಮೊಟ್ಟೆಯೊಂದು ನಮ್ಮ ಪುಸ್ತಕದ ಕಪಾಟಿನಲ್ಲಿದೆ; ಮೊಮ್ಮಕ್ಕಳು ಅದನ್ನು ಕಲ್ಲೆಂದೇ ತಿಳಿದಿದ್ದಾರೆ.