ಶೇಂಗಾ ಎಲೆ ತಿರುವಿ ನೋಡಿ, ಆಮೇಲೆ ಔಷಧಿ

ಶೇಂಗಾ ಎಲೆ ಬಣ್ಣ ಕೆಟ್ಟರೆ ನಮ್ಮ ಕಡೆ ಎಲ್ಲರೂ ಔಷಧಿ ಅಂಗಡಿಗೆ ಓಡುತ್ತಾರೆ. ನಾನು ಮೊದಲು ಎಲೆ ಕಿತ್ತು ತಿರುವಿ ನೋಡುತ್ತೇನೆ.

ಬಿತ್ತಿ ತಿಂಗಳಾದ ಮೇಲೆ ಎಲೆ ಮೇಲ್ಗಡೆ ಕಂದು ಚುಕ್ಕೆ, ಸುತ್ತ ಹಳದಿ ಉಂಗುರ ಕಂಡರೆ ಮುಂಚೆ ಬರುವ ತಿಕ್ಕಾ ರೋಗ. ಎಲೆ ಅಡಿಯಲ್ಲಿ ಕಪ್ಪು ಚುಕ್ಕೆ, ಮುಟ್ಟಿದರೆ ತರಿತರಿ ಅನ್ನಿಸಿದರೆ ತಡವಾಗಿ ಬರುವ ತಿಕ್ಕಾ. ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಹತ್ತಿದರೆ ತುಕ್ಕು. ಮೂರೂ ಬೂಜಿನಿಂದ ಬರುವವು. ಬಿಟ್ಟರೆ ಎಲೆ ಉದುರಿ ಕಾಯಿ ಜೊಳ್ಳು. ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಹೊಡೆಯಿರಿ.

ಚುಕ್ಕೆಯೇ ಇಲ್ಲದೆ ಚಿಗುರೆಲೆ ಮಾತ್ರ ಹಳದಿಯಾಗಿ, ನರ ಹಸಿರಾಗೇ ಇದ್ದರೆ ಅದು ರೋಗವಲ್ಲ, ಕಬ್ಬಿಣದ ಕೊರತೆ. ಸುಣ್ಣದ ನೆಲದಲ್ಲಿ ಇದು ಹೆಚ್ಚು. ಇದಕ್ಕೆ ಬೂಜಿನ ಔಷಧಿ ಹೊಡೆದರೆ ದುಡ್ಡು ದಂಡ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ ಸಂಜೆ ಸಿಂಪಡಿಸಿ, ಸಾಕು.