ಇವತ್ತು ಯಾರ ಪಾಳಿ?

ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲಿರುಳು ನಡೆಯುವ ಧರಣಿಯ ಬೇರು ಶಿರಗುಪ್ಪಿಯಂಥ ಊರುಗಳಲ್ಲಿದೆ. ಅಂಗನವಾಡಿ ಅಕ್ಕೋರ ಹೋರಾಟವನ್ನು ಅವರು ಬರೆಯುವ ಪಾಳಿ ಪಟ್ಟಿಯ ಮೂಲಕ ಓದುವ ಯತ್ನವಿದು.

ಮುಷ್ಕರದ ಮೊದಲ ದಿನಕ್ಕೆ ಕರೆ ಸಾಕು. ಜನ ಬರುತ್ತಾರೆ, ಘೋಷಣೆ ಮೊಳಗುತ್ತದೆ, ಕ್ಯಾಮೆರಾಗಳೂ ಬರುತ್ತವೆ. ಮೂರನೆಯ ರಾತ್ರಿಗೆ ಕರೆ ಸಾಲದು, ಪಟ್ಟಿ ಬೇಕು. ಯಾರು ಉಳಿಯುತ್ತಾರೆ, ಯಾರು ಊರಿಗೆ ಮರಳುತ್ತಾರೆ, ಮರಳಿದವರ ಜಾಗಕ್ಕೆ ಬೆಳಗಿನ ರೈಲಿನಲ್ಲಿ ಯಾರು ಬಂದಿಳಿಯುತ್ತಾರೆ, ಬಂದವರ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವವರು ಯಾರು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರಬೇಕು. ದೀರ್ಘ ಹೋರಾಟದ ಬಲ ಈ ಪಟ್ಟಿಯಲ್ಲಿದೆ. ಭಾಷಣ ಮಾಡುವವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಪಟ್ಟಿ ಬರೆದವರ ಹೆಸರು ಎಲ್ಲಿಯೂ ಬರುವುದಿಲ್ಲ.

ಶಿರಗುಪ್ಪಿ ಹುಬ್ಬಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಸುತ್ತ ಯರಿ ಭೂಮಿ. ಮುಂಗಾರಿಗೆ ಹೆಸರು, ಹತ್ತಿ, ಮೆಣಸಿನಕಾಯಿ. ಹಿಂಗಾರಿಗೆ ಕಡಲೆ, ಬಿಳಿಜೋಳ. ತಾಯಂದಿರು ಹೊಲಕ್ಕೆ ಹೋಗುವ ಇಂಥ ಊರಲ್ಲಿ ಮೂರರಿಂದ ಆರು ವರ್ಷದ ಮಕ್ಕಳ ಮೊದಲ ಶಾಲೆ ಅಂಗನವಾಡಿ, ಮೊದಲ ಗುರು ಅಂಗನವಾಡಿಯ ಅಕ್ಕೋರು. ಸರ್ಕಾರಿ ಕಡತದಲ್ಲಿ ಅವರು ಶಿಕ್ಷಕಿಯಲ್ಲ, 'ಕಾರ್ಯಕರ್ತೆ'. ಅವರಿಗೆ ಸಿಗುವುದು ಸಂಬಳವಲ್ಲ, 'ಗೌರವಧನ'. ಹೋರಾಟದ ಮೂಲ ಇರುವುದು ಇಲ್ಲಿಯೇ.

ಶೇಷಾದ್ರಿ ರಸ್ತೆಯ ರಾತ್ರಿಗಳು

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ 100 ಕೇಂದ್ರಗಳೊಂದಿಗೆ ಕಣ್ಣು ಬಿಟ್ಟಿತು. ಇಂದು ರಾಜ್ಯದಲ್ಲಿ ಸುಮಾರು 70 ಸಾವಿರ ಕೇಂದ್ರಗಳಿವೆ. ಮಕ್ಕಳ ತೂಕ, ಗರ್ಭಿಣಿಯರ ಊಟ, ಮೊಟ್ಟೆ, ಹಾಲು, ಲಸಿಕೆ ದಿನದ ಓಡಾಟ, ಮೊಬೈಲ್‌ನಲ್ಲಿ ಪೋಷಣ್ ಟ್ರ್ಯಾಕರ್, ಅದರ ಮೇಲೆ ಆಗಾಗ ಬಂದು ಬೀಳುವ ಸಮೀಕ್ಷೆಗಳು. ಕೆಲಸ ಬೆಳೆದ ವೇಗದಲ್ಲಿ ಕೈಗೆ ಬರುವ ಹಣ ಬೆಳೆಯಲಿಲ್ಲ.

ಆ ಸಿಟ್ಟು ಇಡೀ ರಾಜ್ಯದ ಕಣ್ಣಿಗೆ ಬಿದ್ದದ್ದು 2017ರ ಮಾರ್ಚ್ 20ರಂದು. ಸಿಐಟಿಯು ಸಂಯೋಜಿತ ಕರ್ನಾಟಕ ರಾಜ್ಯ ಅಂಗನವಾಡಿ ನೌಕರರ ಸಂಘದ ಕರೆಗೆ ಓಗೊಟ್ಟು ಬಂದ ಸಾವಿರಾರು ಮಹಿಳೆಯರು ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲೇ ಕುಳಿತರು, ಅಲ್ಲೇ ಮಲಗಿದರು. ಎಸ್. ವರಲಕ್ಷ್ಮಿ ಮುಂದಾಳತ್ವ ವಹಿಸಿದ್ದರು. ಆ ವರ್ಷದ ಬಜೆಟ್‌ನಲ್ಲಿ ಕಾರ್ಯಕರ್ತೆಯರಿಗೆ 1,000 ರೂಪಾಯಿ ಏರಿಸಿ ತಿಂಗಳಿಗೆ 7,000 ಮಾಡಲಾಗಿತ್ತು. ಇವರು ಕೇಳಿದ್ದು 10,000. ಮಾರ್ಚ್ ಬಿಸಿಲಿಗೆ ಕಾದ ಡಾಂಬರು, ಕೈಗೆಟುಕದ ಶೌಚಾಲಯ, ಕಂಕುಳಲ್ಲಿ ಹಾಲು ಕುಡಿಯುವ ಕೂಸು. ಆದರೂ ಸಾಲು ಕರಗಲಿಲ್ಲ. ನಾಲ್ಕನೆಯ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಏಪ್ರಿಲ್‌ನಲ್ಲಿ ಸಭೆ ಕರೆಯುವ ಭರವಸೆ ಸಿಕ್ಕ ಮೇಲೆ ಧರಣಿ ಮುಗಿಯಿತು. ಬಳಿಕ ಗೌರವಧನ ಕಾರ್ಯಕರ್ತೆಯರಿಗೆ 8,000, ಸಹಾಯಕಿಯರಿಗೆ 4,000 ಆಯಿತು.

ಕೇಳಿದಷ್ಟು ಸಿಗಲಿಲ್ಲ, ನಿಜ. ಬಜೆಟ್ ಮಂಡನೆಯಾದ ಮೇಲೂ ಇನ್ನೊಂದು ಸಾವಿರ ಬಂತೆಂದರೆ ಅದು ಬಂದದ್ದು ರಸ್ತೆಯಲ್ಲಿ ಕಳೆದ ರಾತ್ರಿಗಳಿಂದ.

ಪಟ್ಟಿ ಬರೆಯುವ ಬಗೆ

ಹುಬ್ಬಳ್ಳಿಯಿಂದ ಬೆಂಗಳೂರಿಗೆ 400 ಕಿಲೋಮೀಟರ್‌ಗೂ ಹೆಚ್ಚು ದಾರಿ. ಹೋಗಿ ಬರುವುದರಲ್ಲೇ ಎರಡು ರಾತ್ರಿ ಕಳೆಯುತ್ತದೆ. ಆದ್ದರಿಂದ ಈ ಭಾಗದವರಿಗೆ ಪಾಳಿ ಎಂದರೆ ಗಂಟೆಗಳ ಲೆಕ್ಕವಲ್ಲ, ದಿನಗಳ ಲೆಕ್ಕ. ಒಂದು ವಲಯದಲ್ಲಿ ಇಪ್ಪತ್ತು–ಇಪ್ಪತ್ತೈದು ಕೇಂದ್ರಗಳಿವೆ ಎನ್ನಿ. ಎಲ್ಲರನ್ನೂ ಒಮ್ಮೆಗೇ ಕಳಿಸಿದರೆ ಎಲ್ಲರೂ ಒಮ್ಮೆಗೇ ದಣಿಯುತ್ತಾರೆ. ಮೂರು ತಂಡ ಮಾಡಿದರೆ ಮೊದಲನೆಯದು ಬೆಂಗಳೂರಿನಲ್ಲಿ, ಎರಡನೆಯದು ಧಾರವಾಡದ ಜಿಲ್ಲಾಧಿಕಾರಿ ಕಚೇರಿ ಮುಂದೆ, ಮೂರನೆಯದು ಊರಲ್ಲಿ. ಎರಡು ದಿನಕ್ಕೊಮ್ಮೆ ಅದಲುಬದಲು.

ಸಾಲು ಎಳೆದ ನೋಟ್‌ಬುಕ್ಕಿನ ಎರಡು ಪುಟ ಬಿಡಿಸಿ, ಅಂಗನವಾಡಿಯ ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತರೆ ಊರ ಬದುಕೆಲ್ಲ ಆ ಪುಟಕ್ಕೆ ಇಳಿಯುತ್ತದೆ. ಒಬ್ಬಾಕೆಯ ಮಗಳು ಬಾಣಂತಿ. ಇನ್ನೊಬ್ಬಾಕೆಗೆ ರಕ್ತದೊತ್ತಡ, ರಾತ್ರಿ ನೆಲದ ಮೇಲೆ ಮಲಗುವಂತಿಲ್ಲ. ಮತ್ತೊಬ್ಬಾಕೆಯ ಗಂಡ 'ಬೆಂಗಳೂರಿಗೆ ಬ್ಯಾಡ' ಎಂದಿದ್ದಾನೆ. ಧಾರವಾಡಕ್ಕಾದರೆ ಹೂಂ ಎನ್ನುತ್ತಾನೆ. ಜನವರಿಯಾದರೆ ಸುಗ್ಗಿ.

"ಈ ವಾರ ನನ್ನ ಹೆಸರ ಬರಿಬ್ಯಾಡ್ರಿ ಅಕ್ಕಾರ, ಕಡ್ಲಿ ಕೀಳೂದೈತಿ. ಮುಂದಿನ ಪಾಳಿಗೆ ಹಾಕ್ರಿ, ತಪ್ಪಸೂದಿಲ್ಲ."

"ಬರೀಲಿಲ್ಲ ತಗೋ ತಂಗಿ. ಆದ್ರ ಇವರು ಹೋಗಿ ಬರೂತನಕಾ ಇವರ ಹುಡುಗರಿಗೆ ರಾತ್ರಿ ಊಟ ನಿಮ್ಮನ್ಯಾಗ."

ಮಾತು ಇಷ್ಟೇ. ಆದರೆ ಪಾಳಿ ನಿಲ್ಲುವುದು ಇಂಥ ಕೊಡುಕೊಳ್ಳುವಿಕೆಯ ಮೇಲೆ. ಹೋಗದವಳನ್ನು ಹೇಡಿ ಎಂದು ಹಂಗಿಸಿದರೆ ಆಕೆ ಮುಂದಿನ ಪಾಳಿಗೂ ಬರುವುದಿಲ್ಲ. ಆಕೆಯಿಂದ ಆಗುವ ಕೆಲಸ ಕೇಳಿ ಪಡೆದರೆ ಆಕೆಯೂ ಮುಷ್ಕರದ ಒಳಗೇ ಉಳಿಯುತ್ತಾಳೆ. ಒಬ್ಬರನ್ನೇ ಕಳಿಸಬಾರದು, ಅಕ್ಕಪಕ್ಕದ ಊರಿನ ಇಬ್ಬರು ಕೂಡಿ ಹೋಗಬೇಕು. ಮೊದಲ ಸಲ ಬೆಂಗಳೂರು ನೋಡುವವರ ಜೊತೆ ಹಿಂದೆ ಹೋಗಿ ಬಂದ ಒಬ್ಬರಿರಬೇಕು. ಕಾರ್ಯಕರ್ತೆಯರೇ ಮುಂದೆ ಕೂತು ಸಹಾಯಕಿಯರನ್ನು ಬರೀ ಅಡುಗೆ, ಪಾತ್ರೆಗೆ ಹಚ್ಚಬಾರದು. ಗೌರವಧನದಲ್ಲಿ ಅರ್ಧ ಪಡೆಯುವವರು ಹೋರಾಟದಲ್ಲೂ ಅರ್ಧ ಜಾಗಕ್ಕೆ ಇಳಿದರೆ ಆ ಹೋರಾಟಕ್ಕೆ ಅರ್ಥವಿಲ್ಲ.

ಚೀಲಗಳಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಕೌದಿ, ಗುಳಿಗೆ ಡಬ್ಬಿ. ರೊಟ್ಟಿ ವಾರ ಇಟ್ಟರೂ ಕೆಡುವುದಿಲ್ಲ. ರೈಲಿನ ಖರ್ಚಿಗೆ ವಂತಿಗೆ ಎತ್ತುತ್ತಾರೆ. ಬೆಂಗಳೂರಿಗೆ ಹೋಗದವರು ತುಸು ಹೆಚ್ಚು ಹಾಕುತ್ತಾರೆ. ರಾತ್ರಿ ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಬೆಳಿಗ್ಗೆ ಮೆಜೆಸ್ಟಿಕ್, ಅಲ್ಲಿಂದ ಫ್ರೀಡಂ ಪಾರ್ಕ್ ನಡಿಗೆಯ ದೂರ.

ಊರಲ್ಲಿ ಉಳಿದವರ ಪಾಳಿ

ಕೇಂದ್ರಕ್ಕೆ ಬೀಗ ಬಿದ್ದ ಮಾತ್ರಕ್ಕೆ ಊರಲ್ಲಿ ಉಳಿದವರಿಗೆ ಬಿಡುವು ಸಿಗುವುದಿಲ್ಲ. ಅವರ ಪಾಳಿ ಹೆಚ್ಚು ಕಠಿಣ ಎಂದೇ ನನ್ನ ಭಾವನೆ. 'ಕೂಸಿನ್ನ ಎಲ್ಲಿ ಬಿಟ್ಟ ಹೊಲಕ್ಕ ಹೋಗೂಣ್ರಿ ಅಕ್ಕೋರ' ಎಂದು ಕೇಳುವ ತಾಯಿಗೆ ಬೆಂಗಳೂರಿನಲ್ಲಿ ಕೂತವರು ಉತ್ತರಿಸಬೇಕಾಗಿಲ್ಲ, ಇವರು ಉತ್ತರಿಸಬೇಕು. ಮನೆಮನೆಗೆ ಹೋಗಿ, ಜಗಲಿ ಮೇಲೆ ಕುಳಿತು, ತಮಗೆ ಬರುವುದೆಷ್ಟು, ಮಾಡುವ ಕೆಲಸವೆಷ್ಟು ಎಂದು ಬಿಡಿಸಿ ಹೇಳಬೇಕು. ಮೇಲ್ವಿಚಾರಕಿಯ ಫೋನ್ ಬಂದರೆ ಎತ್ತಬೇಕು. ಗೌರವಧನ ಕಡಿತವಾದೀತೆಂಬ ಭಯ ಹಬ್ಬಿದಾಗ ಸಮಾಧಾನ ಹೇಳಬೇಕು.

ಆ ಭಯ ಸುಳ್ಳಲ್ಲ. ದೆಹಲಿಯಲ್ಲಿ 2022ರ ಜನವರಿ 31ರಂದು ಆರಂಭವಾದ ಅಂಗನವಾಡಿ ಮುಷ್ಕರದ ಮೇಲೆ ಮಾರ್ಚ್‌ನಲ್ಲಿ ಮುಷ್ಕರ ನಿಷೇಧಿಸುವ ಎಸ್ಮಾ ಕಾಯ್ದೆ ಹೇರಲಾಯಿತು. ನೂರಾರು ಮಹಿಳೆಯರು ಕೆಲಸ ಕಳೆದುಕೊಂಡರು. ಕಾಯಂ ನೌಕರಿಯ ರಕ್ಷಣೆಯಿಲ್ಲದವರು ಮುಷ್ಕರಕ್ಕಿಳಿಯುವಾಗ ಒತ್ತೆಯಿಡುವುದು ಇಡೀ ಜೀವನೋಪಾಯವನ್ನು.

ಅರ್ಧ ದಿನ ಮತ್ತು ಅನೇಕ ರಾತ್ರಿ

2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು ನೀಡಿತು. ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಓಕಾ ಅವರ ಪೀಠ, 1972ರ ಗ್ರಾಚ್ಯುಟಿ ಪಾವತಿ ಕಾಯ್ದೆ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಅನ್ವಯಿಸುತ್ತದೆ ಎಂದಿತು. ಗುಜರಾತಿನ ಪ್ರಕರಣದಲ್ಲಿ ಬಂದ ಈ ತೀರ್ಪನ್ನು ಕರ್ನಾಟಕದಲ್ಲಿ ಜಾರಿ ಮಾಡಿ ಎಂದು ಕೇಳಲು 2023ರ ಜನವರಿ 23ರಿಂದ ಮತ್ತೆ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಧರಣಿ ಕೂರಬೇಕಾಯಿತು. ಚಳಿಯಲ್ಲಿ ಧರಣಿ ವಾರ ದಾಟಿತು. ಗ್ರಾಚ್ಯುಟಿ ಕೊಡಲು ಸರ್ಕಾರ ಒಪ್ಪಿದ್ದು ಆ ಧರಣಿಯ ಫಲ.

ಅದಾದ ತಿಂಗಳೊಳಗೆ, ಮಾರ್ಚ್ 1ರಂದು, ರಾಜ್ಯ ಸರ್ಕಾರಿ ನೌಕರರು ವೇತನ ಪರಿಷ್ಕರಣೆ ಮತ್ತು ಹಳೆಯ ಪಿಂಚಣಿಗಾಗಿ ಮುಷ್ಕರ ಹೂಡಿದರು. ಸರ್ಕಾರಿ ಶಾಲೆಗಳ ಶಿಕ್ಷಕರೂ ಅದರಲ್ಲಿದ್ದರು. ಸರ್ಕಾರ ಶೇ 17ರ ಮಧ್ಯಂತರ ಪರಿಹಾರ ಘೋಷಿಸಿತು. ಅದೇ ದಿನ ಮುಷ್ಕರ ಮುಗಿಯಿತು. ನೌಕರರ ಬೇಡಿಕೆ ನ್ಯಾಯವಾದದ್ದೇ, ಅದರ ಬಗ್ಗೆ ತಕರಾರಿಲ್ಲ. ಪ್ರಶ್ನೆ ಬೇರೆ. ಒಂದೇ ಊರಿನ ಒಂದೇ ಓಣಿಯಲ್ಲಿ ಒಂದನೆಯ ತರಗತಿಯ ಮೇಷ್ಟ್ರ ಮಾತು ಸರ್ಕಾರಕ್ಕೆ ಅರ್ಧ ದಿನದಲ್ಲಿ ಕೇಳಿಸಿದರೆ, ಅದೇ ಮಗುವಿಗೆ ಅದರ ಹಿಂದಿನ ವರ್ಷದವರೆಗೆ ಕಲಿಸಿದ ಅಕ್ಕೋರ ಮಾತು ಕೇಳಿಸಲು ಅಷ್ಟೊಂದು ರಾತ್ರಿ ಯಾಕೆ ಬೇಕು? ಕಚೇರಿ ಮುಚ್ಚಿದರೆ ನಗರ ನಿಲ್ಲುತ್ತದೆ. ಅಂಗನವಾಡಿ ಮುಚ್ಚಿದರೆ ನಿಲ್ಲುವುದು ಕೂಲಿ ತಾಯಿಯ ದುಡಿಮೆ, ಬಡ ಮಗುವಿನ ಊಟ. ಅದರ ಸದ್ದು ವಿಧಾನಸೌಧದವರೆಗೆ ಹೋಗುವುದಿಲ್ಲ. ಆದ್ದರಿಂದಲೇ ಇವರು ಮೈಯನ್ನೇ ರಸ್ತೆಗೆ ತಂದು ಹಾಕಬೇಕಾಗುತ್ತದೆ.

ಈಗ ರಸ್ತೆಯೂ ಇಲ್ಲ. ಬೆಂಗಳೂರು ನಗರದ ಪ್ರತಿಭಟನೆಗಳನ್ನು ಫ್ರೀಡಂ ಪಾರ್ಕ್‌ಗೆ ಸೀಮಿತಗೊಳಿಸುವ 2021ರ ಆದೇಶ ಜಾರಿಯಲ್ಲಿದೆ. ಸಂಚಾರಕ್ಕೆ ಅನುಕೂಲವಾಯಿತು. ಆದರೆ ಆವರಣದೊಳಗೆ ಕುಳಿತವರು ಕಾಣಿಸಬೇಕಾದರೆ ಮೊದಲಿಗಿಂತ ಹೆಚ್ಚು ದಿನ ಕೂರಬೇಕು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಅಲ್ಲಿಯೇ ನಾಲ್ಕು ದಿನ ಕುಳಿತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದರು. ಪಾಳಿ ಹಾಕುವ ಕಲೆ ಹೀಗೆ ಸಂಘದಿಂದ ಸಂಘಕ್ಕೆ ದಾಟುತ್ತಿದೆ.

ಕೆನಡಾದ ಚಳಿಯಲ್ಲಿ

ಪಾಳಿ ಪಟ್ಟಿ ನಮ್ಮಲ್ಲಷ್ಟೇ ಇರುವುದಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಕ್ಯಾಥೊಲಿಕ್ ಶಾಲೆಗಳು ಸರ್ಕಾರದ ಹಣದಿಂದಲೇ ನಡೆಯುತ್ತವೆ. ಅಲ್ಲಿನ ಕ್ಯಾಥೊಲಿಕ್ ಶಿಕ್ಷಕರ ಸಂಘ 2020ರ ಜನವರಿ 21ರಂದು ಇಡೀ ಪ್ರಾಂತ್ಯದಲ್ಲಿ ಒಂದು ದಿನದ ಮುಷ್ಕರ ನಡೆಸಿತು. ಫೆಬ್ರವರಿ 21ರಂದು ಪ್ರಾಂತ್ಯದ ನಾಲ್ಕೂ ಶಿಕ್ಷಕ ಸಂಘಗಳು ಒಟ್ಟಿಗೆ ಬೀದಿಗಿಳಿದವು. ಹಿಮ ಬೀಳುವ ಚಳಿಯಲ್ಲಿ ಶಾಲೆಯ ಮುಂದೆ ಫಲಕ ಹಿಡಿದು ನಿಲ್ಲಲು ಅಲ್ಲಿಯೂ ಪಾಳಿ, ಪ್ರತಿ ಸಾಲಿಗೊಬ್ಬ ಮುಖಂಡ, ಹಾಜರಿ ಪಟ್ಟಿ.

ವ್ಯತ್ಯಾಸವಿರುವುದು ಪಟ್ಟಿಯ ಹಿಂದೆ. ಅಲ್ಲಿ ಮುಷ್ಕರ ಕಾನೂನು ಒಪ್ಪಿದ ಹಕ್ಕು, ಸಂಘಗಳಿಗೆ ಮುಷ್ಕರ ನಿಧಿ ಇರುತ್ತದೆ, ಶಿಕ್ಷಕರು ಶಿಕ್ಷಕರೆಂದೇ ಕರೆಸಿಕೊಳ್ಳುತ್ತಾರೆ. ಶಿರಗುಪ್ಪಿಯ ಕಡೆಯವರಿಗೆ ನಿಧಿ ಎಂದರೆ ತಮ್ಮತಮ್ಮಲ್ಲೇ ಎತ್ತಿದ ವಂತಿಗೆ. 'ನಾವು ಶಿಕ್ಷಕಿಯರು' ಎನ್ನುವುದೇ ಇವರ ಬೇಡಿಕೆಗಳಲ್ಲೊಂದು. 2024ರ ಜೂನ್‌ನಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವುದನ್ನು ವಿರೋಧಿಸಿ ಇವರು ಮತ್ತೆ ಪ್ರತಿಭಟನೆಗಿಳಿದದ್ದು ಇದಕ್ಕಾಗಿ. ಮಕ್ಕಳು ಅತ್ತ ಹೋದರೆ ಇಷ್ಟು ವರ್ಷ ಅಕ್ಷರ ತಿದ್ದಿಸಿದವರು ಪೌಷ್ಟಿಕ ಆಹಾರ ಹಂಚುವವರಾಗಿ ಮಾತ್ರ ಉಳಿಯುತ್ತಾರೆ ಎಂಬ ಆತಂಕ ಅವರದು.

ನಾವು ಮಾಡಬೇಕಾದದ್ದು

ಮುಷ್ಕರ ನಡೆದಾಗ ಊರು ನೋಡುತ್ತ ನಿಲ್ಲಬಾರದು. ಬೆಂಗಳೂರಿಗೆ ಹೋದವರ ಮನೆಗೆ ಎರಡು ದಿನ ರೊಟ್ಟಿ ಬಡಿದು ಕೊಡುವುದು, ಅವರ ಹೊಲದಲ್ಲಿ ಒಂದು ದಿನ ಕಡಲೆ ಕೀಳುವುದು, ಗ್ರಾಮ ಪಂಚಾಯಿತಿಯಿಂದ ಬೆಂಬಲದ ಠರಾವು ಕಳಿಸುವುದು, ಶಾಸಕರು ಊರಿಗೆ ಬಂದಾಗ ತಾಯಂದಿರೇ ಎದುರು ನಿಂತು ಕೇಳುವುದು, ಇದಾವುದಕ್ಕೂ ಹೆಚ್ಚಿನ ದುಡ್ಡು ಬೇಕಿಲ್ಲ. ಅಕ್ಕೋರ ಬೆನ್ನಿಗೆ ತಾಯಂದಿರು ನಿಂತ ಊರಿಗೆ ನೋಟಿಸ್ ಕಳಿಸಲು ಅಧಿಕಾರಿಯೂ ಎರಡು ಸಲ ಯೋಚಿಸುತ್ತಾನೆ.

ಸರ್ಕಾರಗಳು ಮಾಡಬೇಕಾದದ್ದು ಇನ್ನೂ ಸರಳ. ಕಾರ್ಯಕರ್ತೆಯರಿಗೆ ಕೇಂದ್ರ ನಿಗದಿ ಮಾಡಿದ ಗೌರವಧನ 2018ರ ಅಕ್ಟೋಬರ್‌ನಲ್ಲಿ 4,500 ರೂಪಾಯಿಗೆ ಏರಿತು. ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತಿತು. ರಾಜ್ಯ 2025ರ ಬಜೆಟ್‌ನಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಸೇರಿಸಿತು. ಪ್ರತಿ ಸಲವೂ ಹೀಗೆ ಬೀದಿಯಲ್ಲಿ ಕೂತು ಪಡೆಯುವ ಬದಲು, ಬೆಲೆಯೇರಿಕೆಗೆ ತಕ್ಕಂತೆ ವರ್ಷಕ್ಕೊಮ್ಮೆ ತಾನಾಗಿ ಪರಿಷ್ಕರಣೆಯಾಗುವ ವ್ಯವಸ್ಥೆ ಬರಲಿ. ಬಜೆಟ್‌ಗೆ ಮೊದಲೇ ಸಂಘಗಳನ್ನು ಕರೆದು ಕೂರಿಸಿ ಮಾತನಾಡುವ ಪದ್ಧತಿ ಬರಲಿ. ಅಕ್ಷರ ಕಲಿಸುವವರನ್ನು ಶಿಕ್ಷಕಿ ಎಂದು ಕಾಗದದ ಮೇಲೆ ಬರೆಯಲಿ.

ಸಾವಿರಾರು ಹೆಣ್ಣುಮಕ್ಕಳನ್ನು ನೂರಾರು ಮೈಲಿ ದೂರದಿಂದ ಕರೆತಂದು, ಉಣಿಸಿ, ಮಲಗಿಸಿ, ದಣಿದವರನ್ನು ಊರಿಗೆ ಕಳಿಸಿ, ಹೊಸಬರನ್ನು ಕೂರಿಸಿ, ಒಬ್ಬರನ್ನೂ ಕೈಬಿಡದೆ ಧರಣಿ ನಡೆಸುವ ಜಾಣ್ಮೆ ಈ ಮಹಿಳೆಯರಿಗಿದೆ. ಆ ಜಾಣ್ಮೆ ಮಕ್ಕಳ ತೂಕ, ಕಲಿಕೆ, ಆರೋಗ್ಯಕ್ಕೆ ಪೂರ್ತಿ ಸಲ್ಲಬೇಕು. ಅದರಲ್ಲಿ ಒಂದು ಪಾಲು ಪ್ರತಿ ವರ್ಷ ಧರಣಿಯ ಪಟ್ಟಿಗೆ ಖರ್ಚಾಗುತ್ತಿದ್ದರೆ ಆ ನಷ್ಟ ಶಿರಗುಪ್ಪಿಯ ಕೂಸಿನದು, ಅದನ್ನು ತಡೆಯುವ ಹೊಣೆ ಬಜೆಟ್ ಬರೆಯುವವರದು.